ಅಪ್ಪ, ಯೆಜ್ಡಿಗೆ ನೀವು ಕಿಕ್ ಹೊಡೆಯಬೇಡಿ

ಶಾರ್ಜಾ, ಶುಕ್ರವಾರ

ತೀರ್ಥರೂಪ ಅಪ್ಪನಿಗೆ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ನೀವೆಲ್ಲ, ನೀರ್ಚಾಲು ಅತ್ತೆಯೂ ಸೌಖ್ಯ ಅಂದುಕೊಂಡಿದ್ದೇನೆ.

ಅಮ್ಮನ ಕಾಗದ ಬಂತು. ಓದಿದ ಮೇಲೆ ನಿದ್ದೆ ಬರಲಿಲ್ಲ. ನಮ್ಮ ಯೆಜ್ಡಿ ರೋಡ್‌ಕಿಂಗ್ ಬೈಕಿನ ಎಂಜಿನ್ ಇಳಿಸಿ ಜಗಲಿಯಲ್ಲಿ ಬಿಚ್ಚಿ ಹಾಕಿದ್ದೀರಂತೆ. ಅದಕ್ಕೆ ಮೊದಲು ಕಿಕ್ ಹೊಡೆದು ಹೊಡೆದು, ಬೆವತು, ಎದೆ ಹಿಡಿದುಕೊಂಡು ಮೆಟ್ಟಿಲಲ್ಲಿ ಕೂತಿರಂತೆ. ಮಂಗಳೂರಿನಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದವರು ನೀವು. ಸೆಕೆಗೆ ಬೆವತದ್ದು ಅಂತ ಅಮ್ಮನಿಗೆ ಹೇಳಿದರೆ ಸಾಕಾ? ಈ ಕಾಗದ ಸಿಕ್ಕಿದ ದಿನವೇ ತಮ್ಮನ ಜೊತೆ ಡಾಕ್ಟರ ಹತ್ತಿರ ಹೋಗಿ. ಫೋನಿನಲ್ಲಿ ಹೇಳಿದರೆ 'ಆಯ್ತು ಆಯ್ತು' ಅಂತ ಅಮ್ಮನ ಕೈಗೆ ಕೊಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಎಂಜಿನ್ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ನಮ್ಮನ್ನು ಬದಿಯಡ್ಕಕ್ಕೆ ಶಾಲೆಗೆ ಬಿಟ್ಟ ಬೈಕು ಅದು. ಬಿಳಿ ಹೊಗೆ ಜಾಸ್ತಿ, ಗೇರ್ ಆಯಿಲೂ ಕಮ್ಮಿ ಆಗುತ್ತಿತ್ತು ಅಂದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್, ಅದೇ ಆಯಿಲ್ ಒಳಗೆ ಬಾರದಂತೆ ತಡೆಯುವ ಬಳೆ, ನೋಡಿ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲು ಕೆಳಗಿನ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸ್ ಮೂಲಕವೇ ಮೇಲೆ ಹೋಗುವುದು ಅಲ್ವಾ, ಸೀಲ್ ಹೋದರೆ ಆಯಿಲನ್ನೂ ಎಳೆದುಕೊಳ್ಳುತ್ತದೆ. ಇನ್ನೊಂದು ಬದಿಯ ಸೀಲ್ ಹೋದರೆ ಗಾಳಿ ಎಳೆಯುತ್ತದೆ, ಪಿಸ್ಟನ್ ಕಾದು ಜಾಮ್ ಆಗುತ್ತದೆ. ಎರಡನ್ನೂ ಹೊಸದೇ ಹಾಕಿ. ಸಿಲಿಂಡರಿನ ಒಳಗಿನ ಅಗಲ, ಬೋರ್, ಸ್ಟ್ಯಾಂಡರ್ಡ್ 65 ಮಿ.ಮೀ., ಎಷ್ಟು ಸವೆದಿದೆ ಅಂತ ಲೇತಿನವರು ಅಳೆಯಲಿ.

ಪಿಸ್ಟನ್ ಪಿನ್ನಿನ ಲಾಕ್ ತೆಗೆಯುವಾಗ ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಿ. ಅದು ಚಂಗನೆ ಹಾರಿ ಒಳಗೆ ಬಿದ್ದರೆ ಕಷ್ಟ. ಪಿಸ್ಟನ್ ರಿಂಗಿನ ತುದಿಗಳು ಅದು ಕೂರುವ ಕಾಲುವೆಯ ಸಣ್ಣ ಪಿನ್ನಿನ ಎರಡೂ ಬದಿಗೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಸಿಲಿಂಡರ್ ಇಳಿಸುವಾಗ ರಿಂಗ್ ತುಂಡಾಗುತ್ತದೆ. ಇದನ್ನು ತಮ್ಮನೇ ಮಾಡಲಿ. ನೀವು ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು, ಬೆರಳು ಕೊಯ್ದರೆ ರಕ್ತ ಬೇಗ ನಿಲ್ಲುವುದಿಲ್ಲ. ಹಾಗಂತ ಮಾತ್ರೆ ಬಿಡಬೇಡಿ ಮತ್ತೆ! ಕುರ್ಚಿಯಲ್ಲಿ ಕೂತು ಹೇಳಿಕೊಡಿ. ಕಿಕ್ ಮಾತ್ರ ಖಂಡಿತ ಬೇಡ.

ಇಲ್ಲಿ ಗ್ಯಾರೇಜಿನಲ್ಲಿ ನಮ್ಮ ಬೈಕಿನ ಫೋಟೋ ತೋರಿಸಿದೆ. ಎರಡು ಸೈಲೆನ್ಸರ್ ನೋಡಿ ಪೇಶಾವರದ ಮೆಕ್ಯಾನಿಕ್ ಎರಡು ಸಿಲಿಂಡರ್ ಅಂದ. ಸಿಲಿಂಡರ್ ಒಂದೇ, ಕಿಕ್ಕಿಗೂ ಗೇರಿಗೂ ಲಿವರ್ ಒಂದೇ, ನಮ್ಮ ಮೈಸೂರಿನಲ್ಲಿ ಮಾಡಿದ್ದು ಅಂದಾಗ ಎಲ್ಲರೂ ಕೆಲಸ ಬಿಟ್ಟು ಸುತ್ತ ಸೇರಿದರು. ಫ್ಯಾಕ್ಟರಿ 1996ರಲ್ಲೇ ಮುಚ್ಚಿತು ಅಂದರೆ ನಂಬುವುದೇ ಇಲ್ಲ.

ನನ್ನ ಬಗ್ಗೆ ಅಮ್ಮನಿಗೆ ಚಿಂತೆ ಬೇಡ. ಬಿಸಿಲು ಜೋರು, ನಿಜ. ನಲ್ಲಿಯಲ್ಲಿ ಬಿಸಿ ನೀರೇ ಬರುತ್ತದೆ. ಗೀಸರ್ ಆಫ್ ಮಾಡಿಟ್ಟು ಅದರೊಳಗಿನ ನೀರನ್ನೇ ತಣ್ಣೀರು ಅಂತ ಸ್ನಾನಕ್ಕೆ ಬಳಸುತ್ತೇವೆ. ಆದರೆ ಬೇಸಿಗೆಯಲ್ಲಿ ಮಧ್ಯಾಹ್ನ 12:30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಇಲ್ಲಿ ಕಾನೂನೇ ಉಂಟು. ಊಟಕ್ಕೆ ಕುಚ್ಚಲಕ್ಕಿಯೂ ಸಿಗುತ್ತದೆ. ನನಗೆ ಏನೂ ತೊಂದರೆ ಇಲ್ಲ, ಸತ್ಯವಾಗಿ ಏನೂ ಇಲ್ಲ. ಹಣ ಕಳಿಸಿದ್ದೇನೆ. ಮೊದಲು ಡಾಕ್ಟರಿಗೆ, ಉಳಿದರೆ ಸೀಲಿಗೆ. ಸಾಲದಿದ್ದರೆ ಸಂಕೋಚ ಬೇಡ, ಓವರ್‌ಟೈಮ್ ಇದೆ.

ವ್ಯಾನಿನವರು ಹಾರ್ನ್ ಹೊಡೆಯುತ್ತಿದ್ದಾರೆ. ಡಾಕ್ಟರು ಏನೆಂದರು ಅಂತ ತಮ್ಮ ಅವತ್ತೇ ಫೋನ್ ಮಾಡಲಿ. ಪೆರ್ಲ ಮಾವನಿಗೆ ಆಮೇಲೆ ಬರೆಯುತ್ತೇನೆ.

ಇತಿ,
ನಿಮ್ಮ ಮಗ