ಶಿವರಾತ್ರಿಗೆ ಮೊದಲು ಮನೆಯ ಮಾಡು ಹತ್ತಿ ನೋಡಿ

ಮಾನ್ಯರೆ,

ಕಾಳ್ಗಿಚ್ಚಿನ ಸುದ್ದಿ ಬಂದಾಗಲೆಲ್ಲ ಎಷ್ಟು ಎಕರೆ ಸುಟ್ಟಿತು, ಬೆಂಕಿ ಹಾಕಿದವರು ಯಾರು, ಇಲಾಖೆಯವರು ಎಲ್ಲಿದ್ದರು ಎಂಬ ಮೂರು ಮಾತು ಪತ್ರಿಕೆಗಳಲ್ಲಿ ಇದ್ದೇ ಇರುತ್ತವೆ. ಕಾಡಂಚಿನಲ್ಲಿ ಮನೆ ಕಟ್ಟಿಕೊಂಡವರು ಮೊದಲೇ ಏನು ಮಾಡಿಕೊಳ್ಳಬೇಕಿತ್ತು ಎಂಬುದನ್ನು ನಾನು ಓದಿದ್ದು ಬಹಳ ಕಡಿಮೆ. ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯವಳು, ವಯಸ್ಸು 63. ನಮ್ಮ ಮನೆಯ ಹಿಂದೆ ಧರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ, ಧರೆಯ ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಅದರಾಚೆ ಅಕೇಸಿಯಾ ನೆಡುತೋಪು.

ಎರಡು ವರ್ಷದ ಹಿಂದೆ, ಮಾರ್ಚಿನ ಒಂದು ಮಧ್ಯಾಹ್ನ, ನೆಡುತೋಪಿನ ಕಡೆಯಿಂದ ಬೆಂಕಿ ಬಂತು. ಕೇರಿಯವರೆಲ್ಲ ಹಸಿ ಸೊಪ್ಪಿನ ಟೊಂಗೆ ಹಿಡಿದು ಧರೆ ಹತ್ತಿದೆವು. ಬಡಿದೂ ಬಡಿದೂ ಅಂತೂ ಮೇಲಿನ ಕಾಲುದಾರಿಯಲ್ಲಿ ಅದನ್ನು ನಿಲ್ಲಿಸಿದೆವು. ಉಸ್ಸಪ್ಪಾ ಎಂದು ಕೂರುವಷ್ಟರಲ್ಲಿ ಪಕ್ಕದ ಮನೆಯ ಹುಡುಗ ಕೂಗಿದ: “ದೊಡ್ಡಮ್ಮಾ, ನಿಮ್ಮ ಕೊಟ್ಟಿಗೆ ಮೇಲೆ ಹೊಗೆ!”

ಬೆಂಕಿ ನಿಂತ ಜಾಗಕ್ಕೂ ಕೊಟ್ಟಿಗೆಗೂ ಅರ್ಧ ಫರ್ಲಾಂಗು ದೂರ. ನಡುವೆ ಬೋಳು ಅಂಗಳ. ಬೆಂಕಿ ನಡೆದು ಬಂದಿರಲಿಲ್ಲ, ಹಾರಿ ಬಂದಿತ್ತು. ಕೊಟ್ಟಿಗೆಯ ಎರಡು ಮಾಡು (ಇಳಿಜಾರು ಚಾವಣಿ) ಕೂಡುವಲ್ಲಿ ಮಳೆನೀರು ಹರಿಯಲು ಇರುವ ದೋಣಿಯಲ್ಲಿ ಹಲಸಿನ ಎಲೆ ಗೇಣುದ್ದ ತುಂಬಿತ್ತು. ಮಳೆ ಬಂದು ಸೋರುವವರೆಗೆ ದೋಣಿಯ ನೆನಪು ಯಾರಿಗಿರುತ್ತದೆ? ಅದರೊಳಗೆ ಬಿದ್ದ ಕಿಡಿ ಸದ್ದಿಲ್ಲದೆ ಕೂತು, ಹಂಚಿನಡಿಯ ಮರದ ರೀಪಿಗೆ ಹತ್ತಿ, ಪಕಾಸಿಗೆ ಹತ್ತಿ, ನಾವು ನೋಡುವಾಗ ಹಂಚು ಪಟಪಟನೆ ಸಿಡಿಯುತ್ತಿತ್ತು. ದನ ಎರಡನ್ನೂ ಬಿಚ್ಚಿ ಓಡಿಸಿದೆವು. ಅರ್ಧ ಮಾಡು ಹೋಯಿತು, ಅಟ್ಟದ ಮೇಲಿನ ಹುಲ್ಲು ಪೂರ್ತಿ ಹೋಯಿತು.

ಪೇಟೆಯಿಂದ ಅಗ್ನಿಶಾಮಕ ವಾಹನ ಬಂತು, ಆದರೆ ಬಂದದ್ದು ಕೇರಿಯ ಬಾಯಿಯವರೆಗೆ ಮಾತ್ರ. ಮೊದಲು ಅಲ್ಲಿ ಅಡ್ಡಗಳಗಳ ದಣಪೆ ಇತ್ತು. ಗಳ ಸರಿಸಿದರೆ ಗೊಬ್ಬರದ ಲಾರಿಯೂ ಒಳಗೆ ಬರುತ್ತಿತ್ತು. ಮಗಳ ಮದುವೆಯ ಹೊತ್ತಿಗೆ ಚಂದ ಕಾಣಲೆಂದು ನಾವೇ ಕಲ್ಲುಕಂಬ ಕಟ್ಟಿಸಿ, ಕಮಾನು ಹಾಕಿಸಿ, ಕಾರು ನುಗ್ಗುವಷ್ಟು ಗೇಟು ಇಟ್ಟಿದ್ದೆವು. ಪಾಪ, ಆ ಹುಡುಗರು ಹೊರಗಿನಿಂದಲೇ ಪೈಪು ಎಳೆದು ತಂದರು. ಈಗ ಕಮಾನೂ ಇಲ್ಲ, ಒಂದು ಕಂಬವೂ ಇಲ್ಲ. ನಮ್ಮವರಿಗೆ ಅದರ ಬಗ್ಗೆ ಇನ್ನೂ ಬೇಜಾರಿದೆ.

ಅಗ್ನಿಶಾಮಕದವರು ಬರುವ ಮೊದಲು ಮನೆ ಉಳಿಸಿದ್ದು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಪಂಪು. ಬೆಂಕಿಯಿಂದ ಕರೆಂಟು ಹೋಗಿತ್ತು, ಬಾವಿಯ ಮೋಟರು ಇದ್ದೂ ಇಲ್ಲದಂತೆ. ಕೆಳಗಿನ ಮನೆಯ ಭಾವ ಪೆಟ್ರೋಲಿನಲ್ಲಿ ಓಡುವ ತಮ್ಮ ಪಂಪು, ಉದ್ದನೆಯ ಪೈಪು, ಬೋರ್ಡೋ ಔಷಧಿ ಕಲಸುವ ಬ್ಯಾರಲ್ಲು ಎಲ್ಲ ಹೊರಿಸಿಕೊಂಡು ಬಂದರು. ನಮ್ಮ ಮನೆಯಲ್ಲೂ ಪಂಪು ಇತ್ತು ಅನ್ನಿ, ಪೈಪನ್ನು ಇಲಿ ತಿಂದಿತ್ತು. ಮಲೆನಾಡಿನ ಅಡಿಕೆ ಬೆಳೆಗಾರರಲ್ಲಿ ಬಹಳ ಮಂದಿಗೆ ಈ ಪಂಪಿದೆ. ಮಳೆಗಾಲದಲ್ಲಿ ಎರಡು ಮೂರು ಸಲ ಹೊರಗೆ ಬರುತ್ತದೆ, ಆಮೇಲೆ ಅಟ್ಟ ಸೇರುತ್ತದೆ. ಜನವರಿಯಿಂದ ಮೇ ತನಕ ಅದನ್ನು ಜಗಲಿಯಲ್ಲಿಟ್ಟು, ಬ್ಯಾರಲ್ಲಿಗೆ ನೀರು ತುಂಬಿ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ನೋಡಿದರೆ ಖರ್ಚೇನು?

ನನ್ನ ಮಗಳಿರುವುದು ಕ್ಯಾಲಿಫೋರ್ನಿಯಾದಲ್ಲಿ, ಗುಡ್ಡದ ಮಗ್ಗುಲಿನ ಬಡಾವಣೆಯಲ್ಲಿ. ಕೊಟ್ಟಿಗೆಯ ಕಥೆ ಹೇಳಿದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. “ಇಲ್ಲಿಯೂ ಮನೆ ಸುಡೋದು ಹೆಚ್ಚಾಗಿ ಕಿಡಿಯಿಂದಲೇ ಅಮ್ಮ” ಅಂದಳು. 2018ರ ನವೆಂಬರ್ 8ರಂದು ಅಲ್ಲಿನ ಪ್ಯಾರಡೈಸ್ ಎಂಬ ಊರು ಸುಟ್ಟಾಗ 85 ಮಂದಿ ಸತ್ತರು, 18 ಸಾವಿರಕ್ಕೂ ಹೆಚ್ಚು ಕಟ್ಟಡ ಹೋದವು. ಅದರ ಚಿತ್ರಗಳನ್ನು ಅವಳು ತೋರಿಸಿದಳು. ಮನೆಗಳು ಬುನಾದಿಯವರೆಗೆ ಬೂದಿ, ಪಕ್ಕದಲ್ಲೇ ಪೈನ್ ಮರ ಹಸಿರಾಗಿ ನಿಂತಿದೆ! ಕಾಡಿನ ಜ್ವಾಲೆ ಮನೆ ಮುಟ್ಟಿದ್ದರೆ ಮರ ಉಳಿಯುತ್ತಿತ್ತೆ? ಗಾಳಿಯಲ್ಲಿ ಬಂದ ಕಿಡಿ ದೋಣಿಯ ಎಲೆಗೋ ಮರದ ಜಗಲಿಗೋ ಬಿದ್ದು, ಆಮೇಲೆ ಒಂದು ಮನೆಯಿಂದ ಇನ್ನೊಂದಕ್ಕೆ ಹತ್ತುತ್ತ ಹೋಗಿತ್ತು. ಗೋಡೆಯಿಂದ 5 ಅಡಿಯೊಳಗೆ ಸುಡುವಂಥದ್ದು ಏನೂ ಇಡಬೇಡಿ, ಮಾಡಿನ ಸಂದಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಯಿರಿ ಎಂದು ಅಲ್ಲಿನ ಅಗ್ನಿಶಾಮಕದವರು ಹೇಳುತ್ತಾರಂತೆ. 100 ಅಡಿಯವರೆಗೆ ಹುಲ್ಲು, ಪೊದೆ ಸವರುವುದಕ್ಕೆ ಕಾನೂನೇ ಇದೆ.

ನಮ್ಮ 5 ಅಡಿಯೊಳಗೆ ಏನಿತ್ತೆಂದು ಫೋನ್ ಇಟ್ಟಮೇಲೆ ಸುತ್ತಿ ನೋಡಿದೆ. ಮಳೆಗಾಲಕ್ಕೆಂದು ಸೂರಿನಡಿ ಒಟ್ಟಿದ ಕಟ್ಟಿಗೆ, ಅದರ ಮೇಲೆ ಅಡಿಕೆ ಹಾಳೆ, ಹಿತ್ತಿಲ ಬಾಗಿಲಲ್ಲಿ ಗ್ಯಾಸ್ ಸಿಲಿಂಡರ್, ಬಚ್ಚಲ ಒಲೆಯ ಪಕ್ಕ ತೆಂಗಿನ ಮಡಲು, ಕಳೆ ಕೊಚ್ಚುವ ಯಂತ್ರದ ಪೆಟ್ರೋಲ್ ಕ್ಯಾನು. ಬೆಂಕಿಗೆ ಎಲೆ ಹಾಕಿ ಬಡಿಸಿಟ್ಟ ಹಾಗಿತ್ತು.

ನಮ್ಮ ಹಿರಿಯರು ಈ ವಿಷಯದಲ್ಲಿ ಜಾಣರಾಗಿದ್ದರು ಎಂದೇನೂ ನಾನು ಹೇಳುವುದಿಲ್ಲ, ಅವರ ಕಾಲದಲ್ಲಿ ಸೋಗೆ ಮನೆಗಳು ಸುಟ್ಟದ್ದೇ ಸುಟ್ಟದ್ದು. ಆದರೆ ಹಟ್ಟಿ ತುಂಬ ದನ ಇದ್ದಾಗ ಬೇಸಿಗೆಯಲ್ಲಿ ಹೆಂಗಸರು ಕಲ್ಲಿ (ಹಗ್ಗದ ಬಲೆಚೀಲ) ಹೊತ್ತು ಬೆಟ್ಟಕ್ಕೆ ಹೋಗಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರುತ್ತಿದ್ದರು. ನಾನೂ ಮದುವೆಯಾಗಿ ಬಂದ ಹೊಸದರಲ್ಲಿ ಹೋದವಳು. ಕೊಟ್ಟಿಗೆಗೆ ಹಾಸಲು, ಗೊಬ್ಬರಕ್ಕೆ ಬೇಕೆಂದು ಗುಡಿಸುತ್ತಿದ್ದೆವೇ ಹೊರತು ಬೆಂಕಿಯ ಭಯಕ್ಕಲ್ಲ. ಆದರೂ ಮನೆ ಹಿಂದಿನ ಬೆಟ್ಟ ಖಾಲಿಯಾಗಿರುತ್ತಿತ್ತು. ಈಗ ಅಷ್ಟು ದನ ಇಲ್ಲ, ಗುಡಿಸುವವರಿಲ್ಲ. ಅಕೇಸಿಯಾ ಎಲೆಯಂತೂ ಬೇಗ ಕೊಳೆಯುವುದೂ ಇಲ್ಲ, ಕಾಲಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತದೆ. ಹಾಗೆಂದು ಇಡೀ ಬೆಟ್ಟ ಗುಡಿಸಿ ಎಂದು ನಾನು ಹೇಳುತ್ತಿಲ್ಲ. ಮಣ್ಣಿಗೆ ಆ ಹೊದಿಕೆ ಬೇಕು. ಮನೆಯ ಸುತ್ತ, ಧರೆಯ ಅಂಚಿಗೆ, ದಾರಿಯ ಬದಿಗೆ ಗುಡಿಸಿದರೆ ಸಾಕು.

ನಮ್ಮ ಕೇರಿಯಲ್ಲಿ ಹನ್ನೊಂದು ಮನೆ. ಆರು ಮನೆಯಲ್ಲಿ ಇರುವವರೆಲ್ಲ ಅರವತ್ತು ದಾಟಿದವರು, ಮಕ್ಕಳು ಬೆಂಗಳೂರಿನಲ್ಲಿ. ಮಾಡು ಹತ್ತಿ ಎಂದು ಅವರಿಗೆ ಹೇಳುವುದು ಹೇಗೆ? ಅದಕ್ಕೇ ಕಳೆದ ವರ್ಷದಿಂದ ಸಂಕ್ರಾಂತಿ ಕಳೆದ ಮೇಲೆ ಎರಡು ಭಾನುವಾರ ಕೇರಿಯ ಕೆಲಸ ಎಂದು ಇಟ್ಟುಕೊಂಡಿದ್ದೇವೆ. ಹುಡುಗರು ಎಲ್ಲರ ದೋಣಿ ತೆಗೆಯುತ್ತಾರೆ, ಬಾಡಿಗೆಗೆ ತಂದ ಬ್ಲೋವರಿನಲ್ಲಿ ದಾರಿಯ ಎಲೆ ಹಾರಿಸುತ್ತಾರೆ. ಬಿಸಿಲಿಗೆ ಆಗದವರು ಅಡುಗೆ ನೋಡಿಕೊಳ್ಳುತ್ತೇವೆ. ಮೊದಲ ವರ್ಷ ಒಬ್ಬರು ಬರಲಿಲ್ಲ. ಈ ವರ್ಷ ಬಂದರು, ಅವರ ಮನೆಯ ದೋಣಿಯಲ್ಲಿ ಒಂದು ಆಲದ ಸಸಿ ಮೊಳಕಾಲೆತ್ತರ ಬೆಳೆದಿತ್ತು!

ಬಗೆಹರಿಯದ್ದು ಅಡಿಕೆ ಸಿಪ್ಪೆಯದು. ಸುಲಿತ ಮುಗಿದ ಮೇಲೆ ಸಿಪ್ಪೆಯನ್ನು ರಸ್ತೆ ಬದಿಗೆ ಸುರಿದು ಬೆಂಕಿ ಹಾಕಿ ಹೋಗುವ ಚಾಳಿ ನಮ್ಮ ಸೀಮೆಯಲ್ಲಿ ಬೆಳೆದಿದೆ. ಮೇಲೆ ಬೂದಿಯಾಗಿ ಕಂಡರೂ ರಾಶಿಯ ಒಳಗೆ ದಿನಗಟ್ಟಲೆ ಕೆಂಡ ಇರುತ್ತದೆ. ಗಾಳಿ ಬೀಸಿದ ದಿನ ಅದೇ ಬೆಟ್ಟ ಹತ್ತುತ್ತದೆ. ಇದನ್ನು ತಡೆಯಿರೆಂದು ಸ್ಥಳೀಯ ಕಚೇರಿಯೊಂದಕ್ಕೆ ಎರಡು ಸಲ ಅರ್ಜಿ ಕೊಟ್ಟೆ. ಸ್ವೀಕೃತಿಯ ಮೊಹರು ಸಿಕ್ಕಿದೆ, ಅದಕ್ಕಿಂತ ಹೆಚ್ಚಿನದು ಸಿಕ್ಕಿಲ್ಲ. ತೋಟದ ಬುಡಕ್ಕೆ ಹಾಕಿದರೆ ಗೊಬ್ಬರವಾಗುವ ವಸ್ತುವನ್ನು ಸುಟ್ಟು ಪಕ್ಕದ ಮನೆಯವರ ನಿದ್ದೆ ಕೆಡಿಸುವುದು ಯಾಕೆಂದು ಬೆಳೆಗಾರರನ್ನೇ ಕೇಳಬೇಕು.

ಬರುವ ಬೆಂಕಿಯನ್ನು ತಡೆಯಲು ಅದರ ಮುಂದಿನ ಹುಲ್ಲು, ಎಲೆ ತಾವೇ ಸುಟ್ಟು ಎದುರು ಬೆಂಕಿ ಕೊಡುವ ಶೂರರಿಗೂ ಒಂದು ಮಾತು. ಅದು ಗೊತ್ತಿದ್ದವರ ಕೆಲಸ. ಮಧ್ಯಾಹ್ನದ ಮೇಲೆ ನಮ್ಮ ಕಡೆ ಗಾಳಿ ಯಾವಾಗ ತಿರುಗುತ್ತದೆಂದು ಹೇಳಲಾಗದು. 2017ರಲ್ಲಿ ಬಂಡೀಪುರದಲ್ಲಿ, 2023ರಲ್ಲಿ ಸಕಲೇಶಪುರದ ಕಾಡುಮನೆ ಬಳಿ, ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೇ ಪ್ರಾಣ ಕಳೆದುಕೊಂಡರು. ದಿನಾ ಕಾಡಿನಲ್ಲಿ ಓಡಾಡುವವರ ಗತಿಯೇ ಹೀಗಾದರೆ ಲುಂಗಿ ಎತ್ತಿಕಟ್ಟಿ ಬೆಂಕಿಪೊಟ್ಟಣ ಹಿಡಿದು ಹೊರಡುವ ನಾವು ಎಷ್ಟರವರು?

ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯವರು ಉಪಗ್ರಹದಲ್ಲಿ ಕಂಡ ಬೆಂಕಿಯ ಸೂಚನೆಯನ್ನು ಹೆಸರು ನೋಂದಾಯಿಸಿದವರ ಮೊಬೈಲಿಗೆ ಕಳಿಸುತ್ತಾರೆ, ಸಾಮಾನ್ಯರೂ ನೋಂದಾಯಿಸಬಹುದು. ಪಕ್ಕದ ಮನೆಯ ಅದೇ ಹುಡುಗ ನೋಂದಾಯಿಸಿದ್ದಾನೆ. ಆದರೆ ಉಪಗ್ರಹ ನಮ್ಮ ತಲೆಯ ಮೇಲೆ ಹಾಯುವುದು ದಿನಕ್ಕೆ ಕೆಲವೇ ಸಲ. ಸಣ್ಣ ಬೆಂಕಿ ಅದಕ್ಕಿಂತ ಮೊದಲು ನಮ್ಮ ಮೂಗಿಗೆ ಗೊತ್ತಾಗುತ್ತದೆ. ಗೊತ್ತಾದ ತಕ್ಷಣ 112ಕ್ಕೆ ಫೋನ್ ಮಾಡಿ, ಮನೆಯ ಹೆಸರಿನ ಜೊತೆಗೆ ಲಾರಿ ಎಲ್ಲಿಯವರೆಗೆ ಬರುತ್ತದೆ, ನೀರು ಎಲ್ಲಿದೆ ಎಂದೂ ಹೇಳಲು ಬರಬೇಕು. ನಮ್ಮ ಮನೆಯ ಫೋನಿನ ಮೇಲೆ ಅದನ್ನು ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದ್ದೇನೆ.

ಗ್ರಾಮ ಅರಣ್ಯ ಸಮಿತಿಗಳು ಬೇಸಿಗೆಯ ಸಭೆಯನ್ನು ಬೆಂಕಿ ಬಿದ್ದ ಮೇಲೆ ಕರೆಯುವ ಬದಲು ಡಿಸೆಂಬರಿನಲ್ಲೇ ಕರೆಯಲಿ. ಒಂಟಿ ಮುದುಕರಿರುವ ಮನೆಗಳ ಪಟ್ಟಿ ಮಾಡಿ ಅವರ ಮಾಡು, ಅಂಗಳ ಸವರಲು ಆಳು ಕೊಡಲಿ. ಮತ್ತೆ ಸಂಪಾದಕರಲ್ಲಿ ಒಂದು ವಿನಂತಿ: ಈ ಪತ್ರ ಹಾಕುವುದಿದ್ದರೆ ಜನವರಿಯೊಳಗೆ ಹಾಕಿಬಿಡಿ. ನಮ್ಮೂರಿಗೆ ನಿಮ್ಮ ಪತ್ರಿಕೆ ಬರುವುದೇ ಮಧ್ಯಾಹ್ನದ ಬಸ್ಸಿಗೆ.

ಇತಿ,
ಒಬ್ಬ ಅಡಿಕೆ ಬೆಳೆಗಾರ್ತಿ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ