ಕಾರ್ಮಿಕ ಪಡೆ ಬೆಳೆದ ಮಾತ್ರಕ್ಕೆ ಉದ್ಯೋಗ ಬೆಳೆಯಿತೇ?

ಮಾನ್ಯ ಸಂಪಾದಕರೇ,

ಅಭಿವೃದ್ಧಿಶೀಲ ದೇಶವೊಂದರ ಕಾರ್ಮಿಕ ಪಡೆ ಇಷ್ಟು ಕೋಟಿಗೆ ಏರಿತು ಎಂಬ ಅಂಕಿಅಂಶ ಹೊರಬಿದ್ದಾಗಲೆಲ್ಲ ಅದನ್ನು ಉದ್ಯೋಗ ಹೆಚ್ಚಿದ ಸುದ್ದಿಯೆಂಬಂತೆ ಪ್ರಕಟಿಸುವುದು ಪತ್ರಿಕೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಈ ಲೆಕ್ಕದಲ್ಲಿ ಕೆಲಸದಲ್ಲಿರುವವರ ಜೊತೆಗೆ, ಕೆಲಸ ಸಿಗದೆ ಹುಡುಕುತ್ತಿರುವವರೂ ಸೇರಿರುತ್ತಾರೆ. ಹಾಗಾಗಿ ಒಂದೇ ಒಂದು ಹೊಸ ಹುದ್ದೆ ಸೃಷ್ಟಿಯಾಗದ ವರ್ಷದಲ್ಲೂ ಕಾರ್ಮಿಕ ಪಡೆ ಲಕ್ಷಗಟ್ಟಲೆ ಹಿಗ್ಗಬಹುದು.

ಈ ಹಿಗ್ಗುವಿಕೆಯ ದೊಡ್ಡ ಪಾಲು ಜನಸಂಖ್ಯೆಯ ವಯೋಮಾನದಿಂದಲೇ ಬರುತ್ತದೆ. ಮುಂದಿನ ಹದಿನೈದು ವರ್ಷಗಳಲ್ಲಿ ದುಡಿಯುವ ವಯಸ್ಸಿಗೆ ಕಾಲಿಡಲಿರುವವರೆಲ್ಲ ಈಗಾಗಲೇ ಹುಟ್ಟಿಯಾಗಿದೆ. ಆದ್ದರಿಂದ ಯಾವ ಸರ್ಕಾರವೂ ಇದನ್ನು ತನ್ನ ಸಾಧನೆಯೆಂದು ಹೇಳಿಕೊಳ್ಳುವಂತಿಲ್ಲ, ಇಷ್ಟು ಜನ ಬರುತ್ತಾರೆಂದು ಗೊತ್ತಿರಲಿಲ್ಲ ಎಂದು ನುಣುಚಿಕೊಳ್ಳುವಂತೆಯೂ ಇಲ್ಲ. ಒಂದು ದಶಕದಲ್ಲಿ ಅಭಿವೃದ್ಧಿಶೀಲ ದೇಶಗಳ ಸುಮಾರು 120 ಕೋಟಿ ಯುವಜನರು ದುಡಿಯುವ ವಯಸ್ಸಿಗೆ ಬರುತ್ತಾರೆ, ಆದರೆ ಈಗಿನ ಗತಿಯಲ್ಲಿ ಸೃಷ್ಟಿಯಾಗಬಹುದಾದ ಉದ್ಯೋಗಗಳು ಸುಮಾರು 42 ಕೋಟಿ ಮಾತ್ರ ಎಂದು ವಿಶ್ವಬ್ಯಾಂಕ್ 2024ರಲ್ಲಿ ಅಂದಾಜಿಸಿತು. ದಕ್ಷಿಣ ಕೊರಿಯಾದಲ್ಲಿ 1960ರ ದಶಕದ ನಂತರ ಹೀಗೆ ಬಂದ ಯುವಜನರನ್ನು ಹೆಚ್ಚು ಕೈಗಳು ಬೇಕಾದ ರಫ್ತು ಕಾರ್ಖಾನೆಗಳು ಸೆಳೆದುಕೊಂಡವು. ದುಡಿಯುವ ವಯಸ್ಸಿನವರು ಹೆಚ್ಚಿರುವ ಈ ಅವಕಾಶ ಬಹುಕಾಲ ತೆರೆದಿರುವುದೂ ಇಲ್ಲ. ಚೀನಾದಲ್ಲಿ 15ರಿಂದ 59 ವರ್ಷದವರ ಸಂಖ್ಯೆ 2012ರಲ್ಲೇ ಇಳಿಯತೊಡಗಿತು.

ಇನ್ನೊಂದು ಪಾಲು ಬರುವುದು, ದುಡಿಯುವ ವಯಸ್ಸಿನವರಲ್ಲಿ ಎಷ್ಟು ಮಂದಿ ದುಡಿಮೆಗೆ ಇಳಿಯುತ್ತಾರೆ ಎಂಬುದರಿಂದ. ಇಲ್ಲಿ ಏರಿಕೆಯೆಲ್ಲ ಒಳ್ಳೆಯದು, ಇಳಿಕೆಯೆಲ್ಲ ಕೆಟ್ಟದ್ದು ಎಂದುಕೊಂಡರೆ ದಾರಿ ತಪ್ಪುತ್ತೇವೆ. ಹದಿನೇಳರ ಹುಡುಗಿ ಕೂಲಿ ಬಿಟ್ಟು ಕಾಲೇಜಿಗೆ ಸೇರಿದರೆ ಕಾರ್ಮಿಕ ಪಡೆಯಲ್ಲಿ ಒಂದು ತಲೆ ಕಡಿಮೆಯಾಗುತ್ತದೆ. ಮನೆಯ ಆದಾಯ ಕುಸಿದು ಆಕೆಯ ತಾಯಿ ಸಿಕ್ಕ ಕೆಲಸಕ್ಕೆ ಹೊರಟರೆ ಒಂದು ತಲೆ ಹೆಚ್ಚಾಗುತ್ತದೆ. ಯಾವುದು ಏಳಿಗೆ, ಯಾವುದು ಸಂಕಟ ಎಂಬುದನ್ನು ಒಟ್ಟು ಸಂಖ್ಯೆ ಹೇಳಲಾರದು. ಭಾರತದ ನಿಯತಕಾಲಿಕ ಕಾರ್ಮಿಕ ಪಡೆ ಸಮೀಕ್ಷೆಯ ಪ್ರಕಾರ, 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ದುಡಿಮೆಯಲ್ಲಿರುವವರ ಅಥವಾ ದುಡಿಮೆ ಅರಸುವವರ ಪ್ರಮಾಣ 2017–18ರಲ್ಲಿ ಶೇ 23.3 ಇದ್ದದ್ದು 2023–24ರಲ್ಲಿ ಶೇ 41.7ಕ್ಕೆ ಏರಿತು. ಜಿಗಿತ ದೊಡ್ಡದೇ. ಆದರೆ ಅದೇ ಅವಧಿಯಲ್ಲಿ, ದುಡಿಯುವ ಮಹಿಳೆಯರ ಪೈಕಿ ಸುಮಾರು ಅರ್ಧದಷ್ಟಿದ್ದ ಸ್ವಯಂ ಉದ್ಯೋಗಿಗಳು ಮೂರನೇ ಎರಡರಷ್ಟಾದರು. ಮನೆಯ ಹೊಲದಲ್ಲಿ, ಮನೆಯವರ ವ್ಯಾಪಾರದಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರನ್ನೂ ಸ್ವಯಂ ಉದ್ಯೋಗಿಗಳೆಂದೇ ಎಣಿಸಲಾಗುತ್ತದೆ ಎಂಬುದನ್ನು ತಲೆಬರಹಗಳು ತಿಳಿಸುವುದಿಲ್ಲ. ಮೊದಲೂ ದುಡಿಯುತ್ತಿದ್ದ ಹೆಂಗಸರು ಈಗ ಲೆಕ್ಕಕ್ಕೆ ಬಂದರೆ ಅದು ಸ್ವಾಗತಾರ್ಹವೇ, ಆದರೆ ಅದನ್ನು ಹೊಸ ನೌಕರಿ ಎಂದು ಕರೆಯಲಾಗದು.

ಎಣಿಕೆಯ ನಿಯಮಗಳೂ ಸಣ್ಣ ಸಂಗತಿಯಲ್ಲ. ಅಂತರರಾಷ್ಟ್ರೀಯ ರೂಢಿಯಂತೆ, ವಾರದಲ್ಲಿ ಒಂದು ಗಂಟೆ ಆದಾಯಕ್ಕಾಗಿ ದುಡಿದರೂ ವ್ಯಕ್ತಿ ಉದ್ಯೋಗಸ್ಥ. ನೈಜೀರಿಯಾ ವಾರಕ್ಕೆ 20 ಗಂಟೆಗಿಂತ ಕಡಿಮೆ ದುಡಿದವರನ್ನು ನಿರುದ್ಯೋಗಿಗಳೆಂದು ಎಣಿಸುತ್ತಿದ್ದಾಗ, 2020ರ ಕೊನೆಯ ತ್ರೈಮಾಸಿಕದಲ್ಲಿ ಅಲ್ಲಿನ ನಿರುದ್ಯೋಗ ದರ ಶೇ 33.3 ಇತ್ತು, ಒಂದು ಗಂಟೆಯ ನಿಯಮಕ್ಕೆ ಬದಲಾದ ಮೇಲೆ 2022ರ ಕೊನೆಯ ತ್ರೈಮಾಸಿಕದ ದರ ಶೇ 5.3 ಎಂದು ಪ್ರಕಟವಾಯಿತು. ಇಷ್ಟು ದೊಡ್ಡ ಇಳಿಕೆಯಾಗುವಷ್ಟು ನೌಕರಿಗಳು ಎರಡು ವರ್ಷಗಳಲ್ಲಿ ಹುಟ್ಟಿರಲಿಲ್ಲ. ಇನ್ನು, ಅಂತರರಾಷ್ಟ್ರೀಯ ಕಾರ್ಮಿಕ ಸಂಖ್ಯಾಶಾಸ್ತ್ರಜ್ಞರ 2013ರ ನಿರ್ಣಯದ ಪ್ರಕಾರ, ಮುಖ್ಯವಾಗಿ ಮನೆಬಳಕೆಗಾಗಿಯೇ ಬೆಳೆಯುವ ರೈತರ ದುಡಿಮೆಯನ್ನು ಕೆಲಸವೆಂದು ಗುರುತಿಸಲಾಗುತ್ತದೆ, ಉದ್ಯೋಗವೆಂದು ಅಲ್ಲ. ಇದನ್ನು ಅಳವಡಿಸಿಕೊಂಡ ಬಡ ದೇಶದ ಕಾರ್ಮಿಕ ಪಡೆ, ಹೊಲದಲ್ಲಿ ಏನೂ ಬದಲಾಗದಿದ್ದರೂ, ಕಾಗದದ ಮೇಲೆ ಕುಗ್ಗಿಬಿಡಬಹುದು.

ಬಡ ದೇಶಗಳಲ್ಲಿ ನಿರುದ್ಯೋಗ ದರ ಕಡಿಮೆ ಇರುವುದಕ್ಕೆ ಬಹುಮಟ್ಟಿಗೆ ಕಾರಣ, ನಿರುದ್ಯೋಗ ಭತ್ಯೆಯಿಲ್ಲದ ಕಡೆ ಸುಮ್ಮನೆ ಕೂರುವುದು ಯಾರಿಗೂ ಸಾಧ್ಯವಾಗದಿರುವುದು. ಕೆಲಸ ಸಿಗದ ಪದವೀಧರನಿಗೆ ಮನೆಯವರ ಆಸರೆಯಿದ್ದರೆ ಅವನು ಒಂದೆರಡು ವರ್ಷ ಕಾಯಬಲ್ಲ. ಆ ಆಸರೆಯಿಲ್ಲದವನು ಮಾರನೆಯ ದಿನವೇ ಯಾವುದೋ ಕೂಲಿಗೆ ಹೋಗಿ ಉದ್ಯೋಗಸ್ಥನೆನಿಸಿಕೊಳ್ಳುತ್ತಾನೆ. ಜಗತ್ತಿನ ದುಡಿಮೆಗಾರರಲ್ಲಿ ಶೇ 60ಕ್ಕೂ ಹೆಚ್ಚು, ಅಂದರೆ ಸುಮಾರು 200 ಕೋಟಿ ಜನ, ಕಾನೂನಿನ ರಕ್ಷಣೆ, ಸಾಮಾಜಿಕ ಭದ್ರತೆಗಳಿಲ್ಲದ ಅನೌಪಚಾರಿಕ ದುಡಿಮೆಯಲ್ಲಿದ್ದಾರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ಹೇಳಿತ್ತು.

ಹೀಗಿರುವಾಗ, ಕಾರ್ಮಿಕ ಪಡೆಯ ಬೆಳವಣಿಗೆಯ ಸುದ್ದಿಯ ಪಕ್ಕದಲ್ಲೇ ಹೊಸದಾಗಿ ಸೇರಿದವರಲ್ಲಿ ಸಂಬಳ ಪಡೆಯುವವರೆಷ್ಟು, ವಾರಕ್ಕೆ ಸರಾಸರಿ ಎಷ್ಟು ಗಂಟೆ ಕೆಲಸ ಸಿಗುತ್ತಿದೆ, ಬೆಲೆಯೇರಿಕೆ ಕಳೆದು ಕೂಲಿ ಏರಿದೆಯೇ ಇಳಿದಿದೆಯೇ ಎಂಬುದನ್ನೂ, ಎಣಿಕೆಯ ನಿಯಮ ಬದಲಾಗಿದ್ದರೆ ಆ ಸಂಗತಿಯನ್ನೂ ಮುದ್ರಿಸಬೇಕೆಂದು ವಿನಂತಿಸುತ್ತೇನೆ. ಇವುಗಳಲ್ಲಿ ಹೆಚ್ಚಿನ ವಿವರಗಳು ಸಮೀಕ್ಷಾ ವರದಿಗಳ ಕೋಷ್ಟಕಗಳಲ್ಲೇ ದೊರೆಯುತ್ತವೆ.

ಇತಿ,
ಒಬ್ಬ ಓದುಗ