ಟಿಕ್ ಬೇಡ, ಲೆಕ್ಕ ಬರೆಯಿರಿ

ಸಂಪಾದಕರೇ,

ಕೊಪ್ಪಳದಲ್ಲಿ ನಮ್ಮ ಮನೆ ಮೇಲೆ ಎರಡನೇ ಮಹಡಿ ಕಟ್ಟಿಸುತ್ತಿದ್ದೇನೆ. ಸ್ಲ್ಯಾಬ್ ಹಾಕುವ ದಿನ ಮಿಕ್ಸರ್ ಜೊತೆ ಕಾಂಕ್ರೀಟ್ ಮೇಲಕ್ಕೆ ಎತ್ತುವ ಬಾಡಿಗೆ ಲಿಫ್ಟ್ ಮಷಿನ್ ಬಂತು. ನಾನು ಇಪ್ಪತ್ತು ವರ್ಷ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವನು, ಕೈ ಸುಮ್ನೆ ಇರಲ್ಲ. ಮಷಿನ್ ಶುರುವಾಗುವ ಮೊದಲೇ ಅದರ ವೈರ್ ರೋಪಿಗೆ, ಅಂದರೆ ಭಾರ ಎತ್ತುವ ತಂತಿ ಹಗ್ಗಕ್ಕೆ, ಹತ್ತಿಯ ಉಂಡೆ ಸವರಿ ನೋಡಿದೆ. ನಾಲ್ಕು ಬೆರಳಗಲದಲ್ಲಿ ಏಳು ಕಡೆ ಹತ್ತಿ ಸಿಕ್ಕಿಕೊಂಡಿತು. ಅಂದರೆ ಏಳು ತಂತಿ ಮುರಿದಿವೆ.

ಏಳು ಜಾಸ್ತಿಯಾ? ಕಟ್ಟಡ ಕಾರ್ಮಿಕರ 1998ರ ಕೇಂದ್ರ ನಿಯಮಗಳಲ್ಲಿ ಇದಕ್ಕೆ ಲೆಕ್ಕವಿದೆ. ಹಗ್ಗದ ದಪ್ಪದ ಎಂಟು ಪಟ್ಟು ಉದ್ದದಲ್ಲಿ ಕಣ್ಣಿಗೆ ಕಾಣುವ ಮುರಿದ ತಂತಿ ಒಟ್ಟು ತಂತಿಯ ಶೇ 10 ದಾಟಿದರೆ ಆ ಹಗ್ಗ ಬಳಸುವಂತಿಲ್ಲ. ಇದು 10 ಮಿ.ಮೀ. ಹಗ್ಗ, ಆರು ಎಳೆ, ಎಳೆಗೆ 19 ತಂತಿ, ಒಟ್ಟು 114. ಹನ್ನೆರಡು ಮುರಿದರೆ ತೆಗೆಯಬೇಕು, ಏಳಕ್ಕೆ ಓಡಿಸಬಹುದು! ಆದರೆ ಆ ಏಳು ಮುರಿದದ್ದು ಒಂದು ವರ್ಷದಲ್ಲೋ ಹೋದ ವಾರವೋ ಅಂತ ಹಗ್ಗ ನೋಡಿದರೆ ಗೊತ್ತಾಗಲ್ಲ, ಹಿಂದಿನ ಸಲ ಎಷ್ಟಿತ್ತು ಅಂತ ಬರೆದಿಟ್ಟಿದ್ದರೆ ಮಾತ್ರ ಗೊತ್ತಾಗುತ್ತದೆ. ಅದಕ್ಕೇ ಮೂರು ತಿಂಗಳಿಗೊಮ್ಮೆ ಹಗ್ಗ ನೋಡಿ, ಒಂದು ತಂತಿ ಮುರಿದ ಮೇಲೆ ತಿಂಗಳಿಗೊಮ್ಮೆ ನೋಡಿ ಅಂತ ನಿಯಮ ಹೇಳುವುದು. ಇಡೀ ಮಷಿನ್‌ಗೆ ವರ್ಷಕ್ಕೊಮ್ಮೆ ತಪಾಸಣೆ, ಐದು ವರ್ಷಕ್ಕೊಮ್ಮೆ ಭಾರ ಹೊರಿಸಿ ಪರೀಕ್ಷೆ ಬೇರೆ. (ಕಾರ್ಮಿಕರ ಸುರಕ್ಷತೆಯ 2020ರ ಹೊಸ ಸಂಹಿತೆ ಕಟ್ಟಡ ಕಾರ್ಮಿಕರ ಹಳೇ ಕಾಯ್ದೆಯನ್ನು ಒಳಗೆ ಸೇರಿಸಿಕೊಂಡಿದೆ, ಇರಲಿ, ಹಗ್ಗ ಸವೆಯುವುದು ಮೊದಲಿನ ಹಾಗೇ.)

ತಪಾಸಣೆ ಬರೆದಿಡುವ ಪುಸ್ತಕ ತೋರಿಸಪ್ಪಾ ಅಂದೆ. "ಮಾಲಕರ ಮನ್ಯಾಗ ಐತ್ರೀ ಕಾಕಾ" ಅಂದ ಮಷಿನ್ ಹುಡುಗ. ಹಠ ಹಿಡಿದು ತರಿಸಿದೆ. ಒಂದೂವರೆ ಗಂಟೆ ಇಪ್ಪತ್ತು ಜನ ಸುಮ್ನೆ ಕೂತರು, ಗೌಂಡಿ ನನ್ನನ್ನು ನೋಡಿದ ನೋಟ ಹೇಳುವುದು ಬೇಡ. ಪುಸ್ತಕದಲ್ಲಿ ದಿನಾ ಟಿಕ್, ಎಲ್ಲಾ ಒಂದೇ ಪೆನ್ನು. ಗವಿಮಠದ ತೇರಿನ ದಿನವೂ "ಹಗ್ಗ ಸರಿ ಇದೆ" ಅಂತ ಬರೆದಿದ್ದಾರೆ. ಅವತ್ತು ಕೊಪ್ಪಳದಲ್ಲಿ ಯಾರು ಕೆಲಸಕ್ಕೆ ಬರುತ್ತಾರೆ ಹೇಳಿ? ಮುರಿದ ತಂತಿ ಎಷ್ಟು ಅಂತ ಬರೆಯಲು ಜಾಗವೇ ಇಲ್ಲ.

ನಮ್ಮಂಥ ಸಣ್ಣ ಮನೆ ಕೆಲಸ ಎಷ್ಟೋ ಸಲ ಕಾಯ್ದೆಯ ಹೊರಗೇ ಉಳಿಯುತ್ತದೆ. ಆದರೆ ಮಷಿನ್ ಅದೇ ಅಲ್ವಾ, ಇವತ್ತು ನಮ್ಮ ಮನೆ, ನಾಳೆ ದೊಡ್ಡ ಸೈಟು. ಹಾಗಾಗಿ ಕಾರ್ಮಿಕ ಇಲಾಖೆಯವರು ಸೈಟ್ ಸೈಟ್ ಅಲೆಯುವುದಕ್ಕಿಂತ ಮಷಿನ್ ಬಾಡಿಗೆಗೆ ಕೊಡುವವರ ಹತ್ತಿರವೇ ಹೋಗಿ ನೋಡಲಿ. ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮಷಿನ್‌ಗೇ ಕಟ್ಟಿಸಲಿ. ಅದರಲ್ಲಿ ಮುರಿದ ತಂತಿ ಎಷ್ಟು, ಯಾವತ್ತು, ನೋಡಿದವರು ಯಾರು ಅಂತ ಇರಲಿ.

ನಾನು ಆ ಮಷಿನ್ ವಾಪಸ್ ಕಳಿಸಿ, ಜಾಸ್ತಿ ಬಾಡಿಗೆ ಕೊಟ್ಟು ಬೇರೆಯದು ತರಿಸಿದೆ. ವಾಪಸ್ ಕಳಿಸಿದ್ದು ಅವತ್ತೇ ಮಧ್ಯಾಹ್ನ ಪಕ್ಕದ ಭಾಗ್ಯನಗರದ ಕಡೆ ಹೋಯಿತಂತೆ, ಅದೇ ಹಗ್ಗದ ಜೊತೆ.

– ಒಬ್ಬ ಓದುಗ, ಕೊಪ್ಪಳ